ಮಸಾಜ್ ಎಂದರೆ ನಗುವವರಿಗೆ

ಬ್ಯಾಂಕಾಕಿಗೆ ಹೋಗಿಬಂದೆ ಎಂದು ನಮ್ಮ ಕಡೆ ಯಾರಿಗಾದರೂ ಹೇಳಿ ನೋಡಿ. ಒಂದು ಕ್ಷಣ ಸುಮ್ಮನಿರುತ್ತಾರೆ. ಆಮೇಲೆ ತುಟಿಯ ಒಂದು ಮೂಲೆ ಮಾತ್ರ ಮೇಲೇಳುತ್ತದೆ. ಹೋಗಿಬಂದವರು ಗಂಡಸಾಗಿದ್ದರೆ ಭುಜಕ್ಕೊಂದು ಏಟು ಬೀಳುತ್ತದೆ, ‘ಏನ್ ಗುರೂ, ಮಸಾಜ್ ಎಲ್ಲಾ ಜೋರಾ?’ ಎಂಬ ಪ್ರಶ್ನೆ ಬರುತ್ತದೆ. ಹೆಂಗಸಾಗಿದ್ದರೆ ಮಾತು ಗಂಡನ ಕಡೆ ಹೊರಳುತ್ತದೆ: ‘ಯಜಮಾನ್ರನ್ನ ಕರ್ಕೊಂಡು ಹೋಗದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ ಮೇಡಂ.’ ನಾನು ಪದವಿ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿರುವವಳು. ಪ್ರವಾಸದ ಒಂದಿಡೀ ದಿನವನ್ನು ಮೈ ಒತ್ತಿಸಿಕೊಂಡು, ಕಾಲು ಚಾಚಿಕೊಂಡು ಕಳೆದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎದ್ದ ನಗು ಇನ್ನೂ ಕಿವಿಯಲ್ಲಿದೆ. ಆ ನಗುವಿನೊಂದಿಗೆ ಜಗಳ ಆಡಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟು. ನಮಗೆ ಇನ್ನೊಬ್ಬರ ಕೈಯಿಂದ ನಮ್ಮ ಮೈಗೆ ಸುಖ ಬೇಕು. ಆ ಕೈಗೆ ಮರ್ಯಾದೆ ಕೊಡುವುದು ಮಾತ್ರ ಬೇಡ. ಈ ಎರಡರ ನಡುವೆ ಹುಟ್ಟುವ ಮುಜುಗರವನ್ನು ಮುಚ್ಚಿಕೊಳ್ಳಲು ನಗುತ್ತೇವೆ. ನಕ್ಕರೆ ಎಲ್ಲವೂ ಹಗುರ. ಆ ಕೆಲಸಕ್ಕೆ ಎಷ್ಟು ವರ್ಷದ ಕಲಿಕೆ ಬೇಕು, ಮಾಡುವವರಿಗೆ ಎಷ್ಟು ಸಂಬಳ ಸಿಗುತ್ತದೆ, ಸಂಜೆಯ ಹೊತ್ತಿಗೆ ಅವರ ಹೆಬ್ಬೆರಳಿನ ಗತಿ ಏನಾಗಿರುತ್ತದೆ ಎಂದು ಕೇಳುವ ತಾಪತ್ರಯವೇ ಇರುವುದಿಲ್ಲ.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಿಟ್ಟಿತು. 2024ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿಂದ ಅಲ್ಲಿಗೆ ಹೋದರು. ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾರಾಟ. ನಮ್ಮೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ನಾವು ನಾಲ್ವರು ಸಹೋದ್ಯೋಗಿಗಳು ಐದು ದಿನದ ಪ್ಯಾಕೇಜಿನಲ್ಲಿ ಹೋದೆವು. ದ್ವೀಪ, ದೋಣಿ, ಹರಳಿನ ಅಂಗಡಿ, ಮಾಲ್, ಮತ್ತೊಂದು ಮಾಲ್. ನಾಲ್ಕನೆಯ ದಿನವನ್ನು ‘ಫ್ರೀ ಡೇ’ ಎಂದು ಬರೆದಿದ್ದರು. ಗೆಳತಿಯರು ಬಟ್ಟೆಯ ಮಾರುಕಟ್ಟೆಗೆ ಹೊರಟರು. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದ ಬಲಭುಜ, ಮೌಲ್ಯಮಾಪನದ ಕ್ಯಾಂಪಿನಲ್ಲಿ ಬಗ್ಗಿ ಬಗ್ಗಿ ಕಲ್ಲಾದ ಕತ್ತು, ಇವೆರಡನ್ನೂ ಹೊತ್ತುಕೊಂಡು ನಾನು ವಾಟ್ ಫೋ ದೇವಾಲಯಕ್ಕೆ ಹೋದೆ.

ವಾಟ್ ಫೋ ಎಂದರೆ ಮಲಗಿದ ಬುದ್ಧನ ಗುಡಿ. ನಲವತ್ತಾರು ಮೀಟರ್ ಉದ್ದದ, ಚಿನ್ನದ ಬಣ್ಣದ ಬುದ್ಧ. ಅವನ ಪಾದಗಳ ಅಡಿಯಲ್ಲಿ ಕಪ್ಪೆಚಿಪ್ಪಿನ ಹೊಳಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಬಿಡಿಸಿದ್ದಾರೆ. ಪ್ರವಾಸಿಗರು ಅಲ್ಲಿ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಆದರೆ ಆ ಆವರಣ ಒಂದು ಕಲ್ಲಿನ ವಿಶ್ವವಿದ್ಯಾಲಯ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ, ಮೂರನೆಯ ರಾಮ ಎಂಬ ದೊರೆ ಗುಡಿಯನ್ನು ಜೀರ್ಣೋದ್ಧಾರ ಮಾಡಿಸುವಾಗ, ನಾಡಿನ ಪಂಡಿತರನ್ನು ಸೇರಿಸಿ ವೈದ್ಯ, ಕಾವ್ಯ, ಚರಿತ್ರೆ, ನೀತಿ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಿದ. ಓದಲು ಬರುವ ಯಾರು ಬೇಕಾದರೂ ಬಂದು ಓದಬಹುದಿತ್ತು. ಆ ಶಾಸನಗಳನ್ನು ಯುನೆಸ್ಕೋ 2011ರಲ್ಲಿ ತನ್ನ ಜಾಗತಿಕ ಸ್ಮರಣೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಮಸಾಜಿನ ಫಲಕಗಳೂ ಇವೆ. ಒಬ್ಬ ಮನುಷ್ಯನ ಮುಂಭಾಗ, ಒಬ್ಬನ ಹಿಂಭಾಗ, ಮೈಮೇಲೆಲ್ಲ ಚುಕ್ಕಿಗಳು, ಚುಕ್ಕಿ ಚುಕ್ಕಿಗೂ ಒಂದು ಗೆರೆ, ಗೆರೆಯ ತುದಿಯಲ್ಲಿ ಯಾವ ನೋವಿಗೆ ಎಲ್ಲಿ ಒತ್ತಬೇಕು ಎಂಬ ವಿವರ. ಶಾಸನವೆಂದರೆ ದಾನ, ಯುದ್ಧ, ವೀರಗಲ್ಲು ಎಂದು ಪಾಠ ಮಾಡುವ ನನಗೆ, ಕತ್ತುನೋವಿಗೂ ಒಂದು ಶಾಸನ ಹಾಕಿಸಿದ ದೊರೆಯ ಮೇಲೆ ಪ್ರೀತಿ ಉಕ್ಕಿತು.

ಪಕ್ಕದಲ್ಲಿ ಪುಟ್ಟ ಕಲ್ಲುಗುಡ್ಡಗಳ ಮೇಲೆ ಋಷಿಗಳು ಕೂತಿದ್ದಾರೆ. ಥಾಯ್ ಭಾಷೆಯಲ್ಲೂ ಅವರು ‘ರೂಸಿ’ಗಳೇ. ಒಬ್ಬ ತನ್ನ ಕಾಲನ್ನು ತಾನೇ ತಿರುಚಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ತನ್ನ ಭುಜವನ್ನು ತಾನೇ ಎಳೆದುಕೊಳ್ಳುತ್ತಿದ್ದಾನೆ. ಥಾಯ್ ಮಸಾಜಿನವರು ದೇಹದಲ್ಲಿ ಹತ್ತು ‘ಸೆನ್’ಗಳಿವೆ ಎನ್ನುತ್ತಾರೆ. ಮೊದಲ ಮೂರರ ಹೆಸರು ಇತ್ಥಾ, ಪಿಂಗಖಲಾ, ಸುಮನಾ. ನಮ್ಮ ಇಡಾ, ಪಿಂಗಳಾ, ಸುಷುಮ್ನೆಯರು ಕಡಲು ದಾಟಿ ಹೆಸರು ಸ್ವಲ್ಪ ಸವೆಸಿಕೊಂಡು ಅಲ್ಲಿ ನೆಲೆಸಿದ್ದಾರೆ, ಅಷ್ಟೆ. ಹಳೆಯ ಕ್ರಮದ ಮಸಾಜಿಗೆ ಅವರು ‘ಬೋರಾನ್’ ಎಂಬ ವಿಶೇಷಣ ಹಚ್ಚುತ್ತಾರೆ. ಅದು ನಮ್ಮ ‘ಪುರಾಣ’. ಗುಡಿಯ ಅಧಿಕೃತ ಹೆಸರಿನಲ್ಲಿರುವ ‘ಚೇತುಫೊನ್’ ನಮ್ಮ ಜೇತವನ.

ಆ ವಿದ್ಯೆಯ ಆದಿಗುರು ಎಂದು ಅವರು ಕೈಮುಗಿಯುವುದು ಯಾರಿಗೆ ಗೊತ್ತೇ? ಜೀವಕನಿಗೆ. ಬಿಂಬಿಸಾರನ ವೈದ್ಯ, ಬುದ್ಧನಿಗೆ ಔಷಧ ಕೊಟ್ಟವನು. ಪಾಲಿ ವಿನಯಪಿಟಕದಲ್ಲಿ ಅವನ ಕಥೆ ಬರುತ್ತದೆ. ರಾಜಗೃಹದ ಗಣಿಕೆ ಸಾಲವತಿ ಹೆತ್ತ ಗಂಡುಮಗುವನ್ನು ಹಳೆಯ ಮೊರದಲ್ಲಿಟ್ಟು ತಿಪ್ಪೆಗೆ ಎಸೆಯಲಾಗುತ್ತದೆ. ಆ ದಾರಿಯಲ್ಲಿ ಬಂದ ಅಭಯ ರಾಜಕುಮಾರ ‘ಬದುಕಿದೆಯೇ?’ ಎಂದು ಕೇಳುತ್ತಾನೆ, ‘ಬದುಕಿದೆ’ ಎನ್ನುತ್ತಾರೆ. ಅದೇ ಅವನ ಹೆಸರಾಗುತ್ತದೆ. ಮುಂದೆ ಅವನು ತಕ್ಷಶಿಲೆಗೆ ಹೋಗಿ ಏಳು ವರ್ಷ ಕಲಿಯುತ್ತಾನೆ. ಊರಿನ ಸುತ್ತ ಒಂದು ಯೋಜನ ನಡೆದು ಔಷಧಕ್ಕೆ ಬಾರದ ಗಿಡವೊಂದನ್ನು ತಾ ಎಂದು ಗುರು ಪರೀಕ್ಷೆ ಕೊಟ್ಟಾಗ, ಅಂಥದ್ದು ಒಂದೂ ಸಿಗಲಿಲ್ಲ ಎಂದು ಬರಿಗೈಲಿ ಬಂದು ಪಾಸಾಗುತ್ತಾನೆ. ಮಸಾಜ್ ಎಂದ ಕೂಡಲೇ ‘ಆ ಥರದ ಹೆಂಗಸರು’ ಎಂದು ನಗುವವರು ಇದನ್ನೊಂದಿಷ್ಟು ಗಮನಿಸಬೇಕು. ಒಂದು ದೇಶ ತನ್ನ ವೈದ್ಯವಿದ್ಯೆಯ ಪಿತಾಮಹ ಎಂದು ಗಣಿಕೆಯ ಮಗನನ್ನು ಪೂಜಿಸುತ್ತದೆ. ಅವನು ಹುಟ್ಟಿದ್ದು ನಮ್ಮ ನೆಲದಲ್ಲಿ. ಅವನನ್ನು ತಿಪ್ಪೆಗೆ ಎಸೆದದ್ದೂ ಇಲ್ಲಿಯೇ.

ಗುಡಿಯ ಆವರಣದಲ್ಲೇ ಮಸಾಜಿನ ಮಂಟಪವಿದೆ. ಅಲ್ಲಿನ ವೈದ್ಯಶಾಲೆ ಶುರುವಾದದ್ದು 1955ರಲ್ಲಿ. ಒಳಗೆ ಸಾಲಾಗಿ ಹಾಸಿಗೆಗಳು. ಗಂಡಸರು, ಹೆಂಗಸರು, ಮುದುಕರು, ಬೆನ್ನುಚೀಲದ ಹುಡುಗರು ಎಲ್ಲರೂ ಒಂದೇ ಹಜಾರದಲ್ಲಿ ಮಲಗಿದ್ದರು. ನನಗೆ ತೊಡಲು ಒಂದು ದೊಗಲೆ ಪೈಜಾಮ ಕೊಟ್ಟರು. ಎಣ್ಣೆಯಿಲ್ಲ, ಮಂದ ದೀಪವಿಲ್ಲ, ಕೊಳಲಿನ ಸಂಗೀತವಿಲ್ಲ. ಐವತ್ತು ದಾಟಿದಂತೆ ಕಾಣುತ್ತಿದ್ದ ಹೆಂಗಸೊಬ್ಬರು ಬಂದು, ಕೈಮುಗಿದು, ನನ್ನ ಪಾದದಿಂದ ಶುರುಮಾಡಿದರು. ಹೆಬ್ಬೆರಳು, ಅಂಗೈ, ಮೊಣಕೈ, ಮೊಣಕಾಲು. ಭುಜದ ಹತ್ತಿರ ಬಂದಾಗ, ನಾನು ಏನೂ ಹೇಳಿರದಿದ್ದರೂ, ನೋವಿದ್ದ ಗಂಟಿನ ಮೇಲೆಯೇ ಬೆರಳು ನಿಂತಿತು. ತಮ್ಮ ಬಲಗೈಯನ್ನು ಗಾಳಿಯಲ್ಲಿ ಬರೆಯುವಂತೆ ಆಡಿಸಿ ‘ಟೀಚರ್?’ ಎಂದು ಕೇಳಿದರು. ಇಪ್ಪತ್ತಾರು ವರ್ಷದ ಸರ್ವೀಸ್ ಬುಕ್ಕನ್ನು ಅವರು ಒಂದು ಗಂಟಿನಲ್ಲಿ ಓದಿಬಿಟ್ಟಿದ್ದರು. ಒಂದು ಗಂಟೆಯ ನಂತರ ನಾನು ಕತ್ತು ತಿರುಗಿಸಿದರೆ ಅದು ನಿಜವಾಗಿಯೂ ತಿರುಗಿತು.

ಈಗ ನಗುವವರಿಗೆ ನನ್ನ ಮೊದಲ ಪ್ರಶ್ನೆ. 2016ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಯೋಗ ಸೇರಿದಾಗ ನಾವು ಎದೆ ಉಬ್ಬಿಸಿಕೊಂಡೆವು. 2019ರಲ್ಲಿ ಅದೇ ಪಟ್ಟಿಗೆ ‘ನುವಾದ್ ಥಾಯ್’, ಅಂದರೆ ಥಾಯ್ ಮಸಾಜ್ ಸೇರಿತು. ಎರಡಕ್ಕೂ ಅದೇ ನಾಡಿಗಳು, ಅದೇ ಋಷಿಗಳು. ಯೋಗಕ್ಕೆ ಅಂತಾರಾಷ್ಟ್ರೀಯ ದಿನ, ಮಸಾಜಿಗೆ ಕಣ್ಣು ಮಿಟುಕು. ಯಾಕೆ?

ನನಗೆ ಕಾಣುವ ಉತ್ತರ ಇದು. ಯೋಗವನ್ನು ನಮ್ಮ ಮೈಗೆ ನಾವೇ ಮಾಡಿಕೊಳ್ಳುತ್ತೇವೆ, ಅಲ್ಲಿ ಇನ್ನೊಬ್ಬರಿಲ್ಲ. ಮಸಾಜಿಗೆ ಇನ್ನೊಬ್ಬರು ಬೇಕು, ಅವರು ನಮ್ಮನ್ನು ಮುಟ್ಟಬೇಕು. ಮುಟ್ಟುವುದು ಎಂದ ಕೂಡಲೇ ನಮ್ಮ ಸಮಾಜಕ್ಕೆ ಎರಡೇ ವಿಷಯ ನೆನಪಾಗುತ್ತವೆ: ಒಂದು ಕಾಮ, ಇನ್ನೊಂದು ಮೈಲಿಗೆ. ಮೂರನೆಯ ಸ್ಪರ್ಶವೊಂದಿದೆ, ಅದು ಕಸುಬಿನ ಸ್ಪರ್ಶ, ಕಲಿತವರ ಸ್ಪರ್ಶ ಎಂದು ಒಪ್ಪಿಕೊಳ್ಳಲು ನಮ್ಮ ತಲೆಯಲ್ಲಿ ಜಾಗವೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳುವುದಿಲ್ಲ. ‘ಮೇಡಂ, ನೀವು ಗುಡಿಗೆ ಹೋದಿರಿ ಸರಿ. ಬ್ಯಾಂಕಾಕಿನಲ್ಲಿ ಬೇರೆ ಥರದ ಪಾರ್ಲರುಗಳೇ ಇಲ್ಲವೇ?’ ಇವೆ. ಆದರೆ ಅವು ಥಾಯ್ ಸಂಸ್ಕೃತಿಯ ಹೊಟ್ಟೆಯಿಂದ ತಾವಾಗಿಯೇ ಉದುರಿದ್ದಲ್ಲ. 1966ರಲ್ಲಿ ಆ ದೇಶ ಮನರಂಜನಾ ಸ್ಥಳಗಳ ಕಾಯ್ದೆಯೊಂದನ್ನು ಮಾಡಿ, ಸ್ನಾನ ಮಾಡಿಸುವ, ಮಸಾಜ್ ಮಾಡುವ ಪಾರ್ಲರುಗಳನ್ನು ನೃತ್ಯಶಾಲೆ, ಬಾರುಗಳ ಸಾಲಿಗೆ ಸೇರಿಸಿತು. 1967ರಲ್ಲಿ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರು ರಜೆಗೆ, ‘ವಿಶ್ರಾಂತಿ ಮತ್ತು ಮನರಂಜನೆ’ಗೆ ಬರಲು ಒಪ್ಪಂದವಾಯಿತು. ಡಾಲರು ಬಂತು, ಬೇಡಿಕೆ ಬಂತು, ಬಡ ಹಳ್ಳಿಗಳಿಂದ ಹುಡುಗಿಯರು ಬಂದರು. ಸೈನಿಕರು ಹೋದ ಮೇಲೆ ಪ್ರವಾಸಿಗರು ಆ ಜಾಗ ತುಂಬಿದರು. ಈಗ ಆ ಪ್ರವಾಸಿಗರ ಸಾಲಿನಲ್ಲಿ ಕಣ್ಣು ಮಿಟುಕಿಸುವ ನಮ್ಮವರೂ ನಿಂತಿದ್ದಾರೆ. ಅಂಗಡಿ ಇಟ್ಟವರನ್ನು ನೋಡಿ ನಗುವ ಗಿರಾಕಿ ತಾನು ಆ ಅಂಗಡಿಯ ಅರ್ಧ ಪಾಲುದಾರ ಎಂಬುದನ್ನು ಮರೆಯುತ್ತಾನೆ.

ಈ ಆಕ್ಷೇಪಕ್ಕೆ ಸುಲಭವಾದ ಉತ್ತರವೂ ಒಂದಿದೆ: ‘ಇವರು ಮರ್ಯಾದಸ್ತ ಮಸಾಜಿನವರು, ಅವರು ಬೇರೆ.’ ಆ ಉತ್ತರವನ್ನು ನಾನು ಕೊಡುವುದಿಲ್ಲ. ಒಬ್ಬ ಹೆಂಗಸಿನ ಮರ್ಯಾದೆ ಉಳಿಸಲು ಇನ್ನೊಬ್ಬಳ ಮರ್ಯಾದೆ ಕಳೆಯುವ ಲೆಕ್ಕ ನಮ್ಮಲ್ಲಿ ಬಹಳ ಹಳೆಯದು. ಮೈ ಮಾರಿಕೊಳ್ಳುವ ಪರಿಸ್ಥಿತಿಯಲ್ಲಿರುವ ಹೆಣ್ಣೂ ನಮ್ಮ ನಗುವಿಗೆ ವಸ್ತುವಲ್ಲ. ಸಾಲವತಿಯನ್ನು ಬಿಟ್ಟು ಜೀವಕನನ್ನು ಮಾತ್ರ ಪೂಜಿಸಿದರೆ ಕಥೆ ಅರ್ಧವೇ ಅರ್ಥವಾದಂತೆ.

ಅದೇ ದಿನ ಸಂಜೆ ಹೋಟೆಲಿನ ಹತ್ತಿರದ ಓಣಿಯೊಂದರಲ್ಲಿ ಪಾದದ ಮಸಾಜಿಗೆ ಕೂತೆ. ಒಂದು ಗಂಟೆಗೆ ಮುನ್ನೂರು ಬಾತಿನ ಆಸುಪಾಸು, ನಮ್ಮ ಏಳೆಂಟುನೂರು ರೂಪಾಯಿ. ಸುಮಾರು ಮೂವತ್ತರ ಹೆಂಗಸು ಒಂದು ತಟ್ಟೆಯಂಥ ಪಾತ್ರೆಯಲ್ಲಿ ಬಿಸಿನೀರು ತಂದು, ನಿಂಬೆಹೋಳು ಹಾಕಿ, ನನ್ನ ಪಾದ ತೊಳೆದಳು. ನಮ್ಮಲ್ಲಿ ಪಾದ ಮುಟ್ಟುವುದು ಒಂದೋ ಭಕ್ತಿ, ಇಲ್ಲವೋ ಅವಮಾನ. ಅವಳಿಗೆ ಅದು ಎರಡೂ ಆಗಿರಲಿಲ್ಲ. ದರ್ಜಿ ಬಟ್ಟೆ ಹಿಡಿಯುವಂತೆ, ಬಡಗಿ ಹಲಗೆ ನೋಡುವಂತೆ ಪಾದವನ್ನು ಹಿಡಿದು ನೋಡಿದಳು. ಎಲ್ಲಿಯವಳು ಎಂದು ಕೇಳಿದ್ದಕ್ಕೆ ‘ಈಸಾನ್’ ಎಂದಳು. ಥಾಯ್ಲೆಂಡಿನ ಬಡ ಪ್ರದೇಶ, ಅಕ್ಕಿ ಬೆಳೆಯುವ ಒಣಭೂಮಿ. ಅದು ದೇಶದ ಈಶಾನ್ಯ ಮೂಲೆಯಲ್ಲಿರುವುದರಿಂದ ಆ ಹೆಸರು. ನಮ್ಮ ‘ಈಶಾನ್ಯ’ಕ್ಕೂ ಅದಕ್ಕೂ ಬೇರು ಒಂದೇ.

ಅಲ್ಲಿ ಕೂತೇ ನನಗೆ ನಮ್ಮ ಈಶಾನ್ಯ ನೆನಪಾಯಿತು. ಬೆಂಗಳೂರಿನ ಸ್ಪಾಗಳಲ್ಲಿ, ಸಲೂನುಗಳಲ್ಲಿ, ಈಗ ನಮ್ಮಂಥ ಜಿಲ್ಲಾ ಕೇಂದ್ರಗಳ ಬ್ಯೂಟಿ ಪಾರ್ಲರುಗಳಲ್ಲೂ ತಲೆ ತೊಳೆಯುವ, ಭುಜ ಒತ್ತುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಅಸ್ಸಾಮಿನವರು. ಅಲ್ಲೂ ಈಶಾನ್ಯ, ಇಲ್ಲೂ ಈಶಾನ್ಯ. ಎರಡೂ ಕಡೆ ದೂರದ ಬಡ ಮೂಲೆಯ ಮಕ್ಕಳು ಬಂದು ರಾಜಧಾನಿಯ ಮೈನೋವು ತೆಗೆಯುತ್ತಾರೆ. 2012ರ ಆಗಸ್ಟಿನಲ್ಲಿ, ಬರೀ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ, ಸಾವಿರಾರು ಈಶಾನ್ಯದವರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದದ್ದನ್ನು ನೆನಪಿಸಿಕೊಳ್ಳಿ. ಹತ್ತಿರವಿದ್ದು ನಮ್ಮ ತಲೆ ತೊಳೆದವರಿಗೆ, ಈ ಊರು ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆ ಒಂದು ವದಂತಿಯನ್ನು ತಾಳಿಕೊಳ್ಳುವಷ್ಟೂ ಇರಲಿಲ್ಲ. ಆ ನಂಬಿಕೆಯನ್ನು ನಾವು ಗಳಿಸಿರಲಿಲ್ಲ.

ಗಳಿಸುವ ದಾರಿ ಹೀಗಿದೆ ನೋಡಿ. 2025ರ ಜನವರಿಯಲ್ಲಿ ಮಂಗಳೂರಿನ ಬಿಜೈಯಲ್ಲಿ ಒಂದು ಗುಂಪು ಮಸಾಜ್ ಪಾರ್ಲರಿಗೆ ನುಗ್ಗಿ ಗಾಜು, ಪೀಠೋಪಕರಣ ಪುಡಿಮಾಡಿತು. ಕಾರಣ ಕೇಳಿದರೆ ಅನೈತಿಕ ಚಟುವಟಿಕೆಯಂತೆ. ನೈತಿಕತೆಯ ಗುತ್ತಿಗೆ ಹಿಡಿದವರು ಯಾವತ್ತಾದರೂ ಅಲ್ಲಿ ಕೆಲಸ ಮಾಡುವವರ ಸಂಬಳ ಎಷ್ಟು, ರಜೆ ಇದೆಯೇ, ಗಿರಾಕಿ ಕೈ ಹಿಡಿದು ಎಳೆದರೆ ದೂರು ಕೊಡಲು ಯಾರಿದ್ದಾರೆ ಎಂದು ಕೇಳಲು ಹೋಗಿದ್ದುಂಟೇ? 2021ರಲ್ಲಿ ದೆಹಲಿಯ ಸರ್ಕಾರ, ಗಂಡಸರಿಗೆ ಗಂಡಸರೇ, ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಷೇಧಕ್ಕೆ ತಡೆ ಹಾಕಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಗಂಡಸಿಗೆ ಇಂಜೆಕ್ಷನ್ ಕೊಡುತ್ತಾರೆ, ಫಿಸಿಯೋಥೆರಪಿಸ್ಟ್ ಹೆಂಗಸಿನ ಸೊಂಟ ಹಿಡಿದು ವ್ಯಾಯಾಮ ಮಾಡಿಸುತ್ತಾನೆ. ಬಿಳಿಕೋಟು ಹಾಕಿಕೊಂಡರೆ ವೈದ್ಯ, ಬಣ್ಣದ ಅಂಗಿ ಹಾಕಿಕೊಂಡರೆ ಅನುಮಾನ.

ಇನ್ನು ನಮ್ಮ ಟಿವಿ. ‘ಮಸಾಜ್ ಪಾರ್ಲರ್ ಮೇಲೆ ದಾಳಿ, ಇಷ್ಟು ಯುವತಿಯರ ರಕ್ಷಣೆ’ ಎಂದು ಕೆಳಗೆ ಪಟ್ಟಿ ಓಡುತ್ತದೆ. ಮೇಲೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಜೀಪು ಹತ್ತುತ್ತಿರುವ ಹುಡುಗಿಯರು. ರಕ್ಷಣೆಗೊಳಗಾದವರು ಮುಖ ಮುಚ್ಚಿಕೊಳ್ಳಬೇಕಾದ ರಕ್ಷಣೆ ಅದೆಂಥದು? ಅಲ್ಲಿದ್ದ ಗಿರಾಕಿಗಳ ಮುಖ ನೀವು ಯಾವತ್ತಾದರೂ ನೋಡಿದ್ದೀರಾ? ಬಲವಂತದಿಂದ, ಮೋಸದಿಂದ ತಂದ ಹುಡುಗಿಯರಿದ್ದರೆ ಅವರನ್ನು ಬಿಡಿಸಲೇಬೇಕು, ತಂದವರನ್ನು ಒಳಗೆ ಹಾಕಲೇಬೇಕು. ಅದಕ್ಕೆ ಕ್ಯಾಮೆರಾ ಬೇಕಿಲ್ಲ. ಒಂದು ಅಂಗಡಿಯ ಅಪರಾಧಕ್ಕೆ ಇಡೀ ಕಸುಬನ್ನೇ ಕಟಕಟೆಯಲ್ಲಿ ನಿಲ್ಲಿಸುವುದೂ ಬೇಕಿಲ್ಲ.

ಇದಕ್ಕೆ ಸ್ಪಾ, ಬ್ಯಾಂಕಾಕ್ ಎಂಬ ಹೊಸ ಹೆಸರುಗಳಿರಬಹುದು, ಆದರೆ ಕಾಯಿಲೆ ನಮ್ಮ ಮನೆಯ ಹಿತ್ತಲಿನಲ್ಲೇ ಇದೆ. ನಮ್ಮ ಊರಿನಲ್ಲಿ ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದರು. ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು, ಮೂಗು ತಿದ್ದಿ, ತಲೆ ತಟ್ಟಿ, ಕೈಕಾಲು ಮಡಿಸಿ ಬಿಡಿಸಿ, ಬಿಸಿನೀರು ಹೊಯ್ಯುತ್ತಿದ್ದರೆ ಅತ್ತ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತು. ನನಗೂ, ನನ್ನ ಮಗಳಿಗೂ ನೀರು ಹಾಕಿದವರು ಅವರೇ. ಅವರು ಬಚ್ಚಲಿಗೆ ಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಕಾಫಿ ಕುಡಿಯುತ್ತಿದ್ದುದು ಜಗಲಿಯ ತುದಿಯಲ್ಲಿ, ಗೂಡಿನಲ್ಲಿಟ್ಟ ಅವರದೇ ಲೋಟದಲ್ಲಿ. ಮನೆಯ ವಂಶದ ಕುಡಿಯನ್ನು ಬೆತ್ತಲೆಯಾಗಿ ಅವರ ಕೈಗೆ ಕೊಡಬಹುದಿತ್ತು, ಮನೆಯ ಸ್ಟೀಲ್ ಲೋಟ ಕೊಡುವಂತಿರಲಿಲ್ಲ. ನಲವತ್ತು ದಿನದ ಕೆಲಸಕ್ಕೆ ಒಂದು ಸೀರೆ, ಒಂದು ಮೊರ ಅಕ್ಕಿ, ಒಂದಿಷ್ಟು ಕಾಸು. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸರಿಯಾಗಿಯೇ ಪಟ್ಟೆವು. ಆದರೆ ಒಬ್ಬರನ್ನು ವೇದಿಕೆಗೆ ಹತ್ತಿಸಿ ಉಳಿದವರನ್ನು ಜಗಲಿಯಲ್ಲೇ ಕೂರಿಸುವುದರಿಂದ ಕಸುಬಿನ ಋಣ ತೀರುವುದಿಲ್ಲ.

ಕ್ಷೌರಿಕರ ವಿಷಯವೂ ಅಷ್ಟೇ. ಊರಿನ ಗಂಡಸರ ತಲೆ, ಕತ್ತು, ಭುಜ ನೀವಿ ಹಗುರ ಮಾಡಿದ ಸಮುದಾಯದ ಹೆಸರನ್ನೇ ಬೈಗುಳ ಮಾಡಿಕೊಂಡ ಭಾಷೆ ನಮ್ಮದು. ನನ್ನ ತರಗತಿಯ ಹುಡುಗರು ಜಗಳದಲ್ಲಿ ಆ ಪದವನ್ನು ಎಷ್ಟು ಸಲೀಸಾಗಿ ಎಸೆಯುತ್ತಾರೆಂದರೆ, ಅದು ಒಬ್ಬ ಮನುಷ್ಯನ ಕಸುಬು ಎಂಬುದೇ ಅವರಿಗೆ ಮರೆತುಹೋಗಿದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಪ್ರಬಂಧಕ್ಕೆ ಕೊಡುತ್ತೇವೆ. ಕೈ ಎಣ್ಣೆಯಾದವರ ಬಾಯಿಗೆ ಏನು ಸಿಕ್ಕಿತು ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ಎರಡನೆಯ ಗುಂಪಿನ ವಿರೋಧಿಗಳು ನಗುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ. ‘ನಮ್ಮ ಅಭ್ಯಂಜನ ಇರುವಾಗ ಈ ಸ್ಪಾ ಎಲ್ಲ ಯಾಕೆ? ಹಂಡೆಯ ನೀರು, ಹರಳೆಣ್ಣೆ, ಸೀಗೆಪುಡಿ… ಆ ಸುಖ ಎಲ್ಲಿ ಬರಬೇಕು!’ ನರಕ ಚತುರ್ದಶಿಯ ಎಣ್ಣೆಸ್ನಾನದ ಬಗ್ಗೆ ನಮ್ಮಲ್ಲಿ ಬಂದಷ್ಟು ಲಲಿತ ಪ್ರಬಂಧಗಳು ಬೇರೆ ಯಾವ ಸ್ನಾನಕ್ಕೂ ಬಂದಿರಲಿಕ್ಕಿಲ್ಲ. ಅವುಗಳಲ್ಲಿ ಬಹುಪಾಲು ಗಂಡಸರ ನೆನಪುಗಳು. ನೀರೊಲೆಗೆ ಬೆಳಗಿನ ಜಾವ ಮೂರು ಗಂಟೆಗೆ ಬೆಂಕಿ ಹಚ್ಚಿದವರು ಯಾರು? ಹಂಡೆಗೆ ನೀರು ಸೇದಿ ತುಂಬಿದವರು ಯಾರು? ಹತ್ತು ಜನರ ಬೆನ್ನು ತಿಕ್ಕಿದ ಮೇಲೆ, ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರಿನಲ್ಲಿ ಅವಸರದಿಂದ ಮೈ ತೋಯಿಸಿಕೊಂಡು ಒಲೆಯ ಮುಂದೆ ಹೋಗಿ ಕೂತವರು ಯಾರು? ನನ್ನ ಅವ್ವನ ಬೆನ್ನಿಗೆ ಯಾರಾದರೂ ಎಣ್ಣೆ ತಿಕ್ಕಿದ್ದನ್ನು, ಬಾಣಂತನದ ದಿನಗಳ ಹೊರತು, ಯಾರೂ ನೋಡಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳ ನಡುವೆ ಸ್ನಾನಕ್ಕೂ ಒಂದು ಭಾಗವನ್ನು ಮೀಸಲಿಟ್ಟ. ಒಂಬೈನೂರು ವರ್ಷಗಳ ಹಿಂದೆ ದೊರೆಗೆ ಸಿಕ್ಕ ಆ ಉಪಭೋಗ ಮನೆಯ ಹೆಂಗಸಿಗೆ ಯಾವಾಗ ಬಂತು? ಅವಳು ತಾನು ದುಡಿದ ದುಡ್ಡಿನಿಂದ ಒಂದು ಗಂಟೆ ಕೊಂಡುಕೊಂಡಾಗ ಬಂತು. ಅದಕ್ಕೇ ನಾನು ಕೊಂಡ ಸುಖದ ಬಗ್ಗೆ ನಾಚುವುದಿಲ್ಲ. ಬಿಟ್ಟಿ ಸುಖವೆಂದು ಹಾಡಿ ಹೊಗಳಿದ್ದೆಲ್ಲ ಯಾರೋ ಒಬ್ಬಳ ಬಿಟ್ಟಿ ದುಡಿಮೆಯಾಗಿತ್ತು.

ಮೂರನೆಯವರು ಸ್ಪಾವನ್ನು ಮಾರುವವರು. ರೆಸಾರ್ಟಿನ ಬಾಗಿಲಲ್ಲಿ ಒಂದು ಬುದ್ಧನ ತಲೆ, ಬಟ್ಟಲಲ್ಲಿ ತೇಲುವ ಹೂ, ಗೋಡೆಯ ಮೇಲೆ ‘ಪ್ರಾಚೀನ ಜ್ಞಾನ’. ಬುದ್ಧನ ತಲೆಯನ್ನು ಅಲಂಕಾರಕ್ಕೆ ಇಡಬೇಡಿ ಎಂದು ಥಾಯ್ಲೆಂಡಿನಲ್ಲಿ ಬೋರ್ಡುಗಳಿವೆ, ನಮ್ಮ ರೆಸಾರ್ಟುಗಳಲ್ಲಿ ಅದೇ ಅಲಂಕಾರ. ಓಣಿಯ ಅಂಗಡಿಯ ಹತ್ತರಷ್ಟು ಬೆಲೆ. ಆ ಹತ್ತು ಪಟ್ಟಿನಲ್ಲಿ ಒತ್ತುವ ಕೈಗೆ ಎಷ್ಟು ಪಟ್ಟು ಹೋಗುತ್ತದೆ ಎಂದು ರೇಟು ಪಟ್ಟಿಯಲ್ಲಿ ಬರೆದಿರುವುದಿಲ್ಲ. ‘ನಿಮ್ಮ ಥೆರಪಿಸ್ಟ್’ ಎಂದು ಬರೆದಿರುತ್ತಾರೆ, ಆ ಥೆರಪಿಸ್ಟಿಗೆ ಒಂದು ಹೆಸರು ಇರುವುದಿಲ್ಲ. ನಗುವವರು ಕೈಯನ್ನು ಅವಮಾನಿಸುತ್ತಾರೆ, ಇವರು ಅದನ್ನು ಮಾಯ ಮಾಡುತ್ತಾರೆ. ಕೈಯ ಪಾಲಿಗೆ ಎರಡೂ ಒಂದೇ.

‘ಹಾಗಾದರೆ ಇನ್ನೊಬ್ಬರಿಂದ ಮೈ ಒತ್ತಿಸಿಕೊಳ್ಳುವುದೇ ಶೋಷಣೆಯಲ್ಲವೇ?’ ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಅಲ್ಲ. ಸ್ಪರ್ಶದಲ್ಲಿ ಶೋಷಣೆಯಿಲ್ಲ, ಸಂಬಳದಲ್ಲಿ ಇರಬಹುದು, ಬೆದರಿಕೆಯಲ್ಲಿ ಇರಬಹುದು, ಬಿಡುವಿಲ್ಲದ ಹತ್ತು ಹನ್ನೆರಡು ಗಂಟೆಯ ಪಾಳಿಯಲ್ಲಿ ಇರಬಹುದು. ಅಲ್ಲಿರುವುದನ್ನು ಅಲ್ಲೇ ಹಿಡಿಯಬೇಕು. ದಂತವೈದ್ಯ ನಮ್ಮ ಬಾಯಿಯೊಳಗೆ ಕೈ ಹಾಕುತ್ತಾನೆ, ಅದನ್ನು ಯಾರೂ ಶೋಷಣೆ ಎನ್ನುವುದಿಲ್ಲ. ಅವನಿಗೆ ಪದವಿ ಇದೆ, ಶುಲ್ಕ ಇದೆ, ‘ಡಾಕ್ಟ್ರೇ’ ಎಂಬ ಸಂಬೋಧನೆ ಇದೆ. ಮೈ ಒತ್ತುವವರಿಗೂ ಈ ಮೂರನ್ನೂ ಕೊಡೋಣ, ಆಮೇಲೆ ಶೋಷಣೆಯ ಲೆಕ್ಕ ಹಾಕೋಣ.

ಥಾಯ್ಲೆಂಡ್ 2016ರಲ್ಲಿ ಆರೋಗ್ಯ ಸಂಬಂಧಿ ಸಂಸ್ಥೆಗಳಿಗೆಂದೇ ಒಂದು ಕಾಯ್ದೆ ಮಾಡಿ, ಸ್ಪಾ ಮತ್ತು ಮಸಾಜ್ ಅಂಗಡಿಗಳಿಗೆ ಪರವಾನಗಿಯನ್ನೂ, ಕೆಲಸ ಮಾಡುವವರಿಗೆ ತರಬೇತಿ ಮತ್ತು ನೋಂದಣಿಯನ್ನೂ ಕಡ್ಡಾಯ ಮಾಡಿತು. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಆ ಓಣಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಮ್ಮ ದೇಶದವನೇ ಒಬ್ಬ ಇನ್ನೂರು ಬಾತಿಗೆ ಚೌಕಾಸಿ ಮಾಡಿ, ಮುಗಿದ ಮೇಲೆ ನಗುತ್ತಾ ಇನ್ನೇನನ್ನೋ ಕೇಳಿದ. ಆ ಹೆಂಗಸು ಗೋಡೆಯ ಮೇಲೆ ತೂಗುಹಾಕಿದ್ದ ಚೌಕಟ್ಟಿನ ಕಡೆ ಬೆರಳು ತೋರಿಸಿದಳು. ಅದರಲ್ಲಿ ಅವಳ ಫೋಟೋ, ಹೆಸರು, ತರಬೇತಿಯ ಪ್ರಮಾಣಪತ್ರ ಇದ್ದವು. ಅವನು ದುಡ್ಡು ಇಟ್ಟು ಎದ್ದುಹೋದ. ಒಂದು ಕಾಗದ ಅವಳಿಗೆ ಅಷ್ಟು ಬೆನ್ನೆಲುಬು ಕೊಟ್ಟಿತ್ತು. ನಮ್ಮಲ್ಲಿ ಅಂಥ ಕಾಗದ ಎಷ್ಟು ಗೋಡೆಗಳ ಮೇಲಿದೆ?

ನಾನು ಕೇಳುವುದು ಹೆಚ್ಚೇನಿಲ್ಲ. ಸರ್ಕಾರ ಈ ಕಸುಬಿಗೆ ತರಬೇತಿ, ಪ್ರಮಾಣಪತ್ರ, ಕನಿಷ್ಠ ವೇತನ, ಇಎಸ್‌ಐ ಕೊಡಿಸಲಿ. ಪೊಲೀಸರಿಗಿಂತ ಮೊದಲು ಕಾರ್ಮಿಕ ಇಲಾಖೆ ಆ ಬಾಗಿಲು ತಟ್ಟಲಿ. ಪತ್ರಿಕೆ, ಟಿವಿಗಳು ‘ಮಸಾಜ್’ ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಕಿಸಿಯುವುದನ್ನು ಬಿಡಲಿ. ಇನ್ನು ಇದನ್ನು ಓದುತ್ತಿರುವವರು, ಮುಖ್ಯವಾಗಿ ನನ್ನ ವಿದ್ಯಾರ್ಥಿಗಳ ವಯಸ್ಸಿನವರು, ನಾಳೆ ಸಂಬಳ ಬಂದ ಮೇಲೆ ಮೈಸೂರಿಗೋ ಕೊಚ್ಚಿಗೋ ಬ್ಯಾಂಕಾಕಿಗೋ ಹೋಗುತ್ತೀರಿ. ದಣಿವಾದರೆ ಸಂಕೋಚವಿಲ್ಲದೆ ಒಂದು ದಿನ ಕಾಲು ಚಾಚಿ. ಅವ್ವನನ್ನು ಕರೆದುಕೊಂಡು ಹೋಗಿ, ಅವಳ ಬೆನ್ನಿಗೆ ಯಾರಾದರೂ ಒಮ್ಮೆ ಎಣ್ಣೆ ಹಚ್ಚಲಿ. ಚೌಕಾಸಿ ಮಾಡಬೇಡಿ. ಒತ್ತಿದವರ ಹೆಸರು ಕೇಳಿ. ಭಕ್ಷೀಸನ್ನು ಕೌಂಟರಿನಲ್ಲಿ ಕೊಡದೆ ಅವರ ಕೈಗೇ ಕೊಡಿ.

ಕನ್ನಡದಲ್ಲಿ ‘ನೀವು’ ಎಂಬುದಕ್ಕೆ ಎರಡು ಅರ್ಥ. ಒಂದು ತಲೆ ನೀವು, ಬೆನ್ನು ನೀವು ಎನ್ನುವಾಗಿನ ನೀವು. ಇನ್ನೊಂದು ಎದುರಿಗಿರುವವರನ್ನು ಗೌರವದಿಂದ ಕರೆಯುವ ನೀವು. ನಿಘಂಟಿನಲ್ಲಿ ಬೇರೆ ಬೇರೆ ಪದಗಳೇ ಇರಬಹುದು, ಬಾಯಿಗೆ ಒಂದೇ. ನೀವುವವರನ್ನು ‘ನೀವು’ ಎಂದು ಕರೆಯುವುದಕ್ಕೆ ನಮಗೆ ಹೊಸ ಪದವೂ ಬೇಡ, ಹೊಸ ಕಾಯ್ದೆಯೂ ಬೇಡ. ಮುಂದಿನ ಸಲ ಸಲೂನಿನ ಕುರ್ಚಿಯಲ್ಲಿ ಕೂತಾಗ ‘ಏಯ್, ಇಲ್ಲಿ ಸ್ವಲ್ಪ ಒತ್ತೋ’ ಎನ್ನುವ ಬದಲು ‘ಇಲ್ಲಿ ಸ್ವಲ್ಪ ಒತ್ತಿ’ ಎಂದು ಹೇಳಿ. ಸ್ಟಾಫ್ ರೂಮಿನ ಸಹೋದ್ಯೋಗಿಗಳೇ, ಈ ಮಾತು ನಿಮಗೂ ಸೇರಿದೆ.